ಝೂನಲ್ಲಿ ಆನೆ ತಲೆ ಆಡಿಸ್ತಿದ್ರೆ ಅದು ಡ್ಯಾನ್ಸ್ ಅಲ್ಲ! ಆಟ ಯಾವುದು, ಸಂಕಟ ಯಾವುದು, ಸಿಟ್ಟು ಯಾವುದು? ಇಲ್ಲಿದೆ ವಿವರ

ಭಾನುವಾರವೋ ಬೇಸಿಗೆ ರಜೆಯಲ್ಲೋ ಮಕ್ಕಳನ್ನ ಕರ್ಕೊಂಡು ಮೈಸೂರು ಝೂಗೆ ಹೋದವರು ಆನೆ ಮುಂದೆ ಸ್ವಲ್ಪ ಹೆಚ್ಚೇ ಹೊತ್ತು ನಿಲ್ತಾರೆ. ಹುಲಿ ಮಲಗಿರುತ್ತೆ, ಕರಡಿ ಮೂಲೆ ಸೇರಿರುತ್ತೆ, ಆನೆ ಮಾತ್ರ ಏನಾದರೊಂದು ಮಾಡ್ತಾನೇ ಇರುತ್ತೆ. ಮಣ್ಣು ಎರಚಿಕೊಳ್ಳುತ್ತೆ, ಕಿವಿ ಬೀಸುತ್ತೆ, ಕಾಲು ಎತ್ತಿ ಇಡುತ್ತೆ, ತಲೆ ಆಡಿಸುತ್ತೆ. "ಏ ನೋಡೋ, ಆನೆ ಡ್ಯಾನ್ಸ್ ಮಾಡ್ತಿದೆ" ಅಂತ ಗುಂಪಲ್ಲಿ ಯಾರಾದರೂ ಒಬ್ಬರು ಹೇಳೇ ಹೇಳ್ತಾರೆ. ತಕ್ಷಣ ಮೊಬೈಲ್‌ಗಳು ಹೊರಗೆ ಬರ್ತವೆ. ಸಂಜೆ ಹೊತ್ತಿಗೆ ಸಿನಿಮಾ ಹಾಡು ಸೇರಿಸಿದ ವಿಡಿಯೊ ಊರಿನ ವಾಟ್ಸ್‌ಆ್ಯಪ್ ಗ್ರೂಪ್‌ನಲ್ಲಿ ಓಡಾಡ್ತಿರುತ್ತೆ.

ಆ ವಿಡಿಯೊದಲ್ಲಿ ಇರೋದು ಆಟವೇ ಆಗಿರಬಹುದು. ಆದರೆ ಎಷ್ಟೋ ಸಲ ಅಲ್ಲ. ಆನೆ ನಿಜವಾಗಿಯೂ ಆಡುವ ಪ್ರಾಣಿ, ಮರಿಯಾಗಿದ್ದಾಗ ಮಾತ್ರ ಅಲ್ಲ, ದೊಡ್ಡದಾದ ಮೇಲೂ ಆಡುತ್ತೆ. ಹಾಗಂತ ನಮಗೆ ತಮಾಷೆ ಅನ್ನಿಸಿದ್ದೆಲ್ಲ ಅದಕ್ಕೆ ಆಟ ಅಲ್ಲ. ಸಂಕಟದಿಂದ ಮಾಡೋದೂ ಇದೆ, ಸಿಟ್ಟಿನಿಂದ ಮಾಡೋದೂ ಇದೆ. ದೂರದಿಂದ ನೋಡೋರಿಗೆ ಮೂರೂ ಒಂದೇ ತರ ಕಾಣುತ್ತೆ. ಒಂದು ಕಡೆ ಝೂ, ವರ್ಷಕ್ಕೊಮ್ಮೆ ಅರಮನೆಗೆ ಬರೋ ಗಜಪಡೆ, ಇನ್ನೊಂದು ಕಡೆ ನಾಗರಹೊಳೆ, ಬಂಡೀಪುರದ ಅಂಚಲ್ಲೇ ಹೊಲ ಮನೆ ಇರೋ ತಾಲ್ಲೂಕುಗಳು. ಇಂಥ ಜಿಲ್ಲೆಯವರಿಗೆ ಈ ವ್ಯತ್ಯಾಸ ಗೊತ್ತಿರೋದು ಒಳ್ಳೇದು.

ತೂಗಾಟ ಅಂದ್ರೆ ಆಟ ಅಲ್ಲ

ಮೊದಲು ಆ "ಡ್ಯಾನ್ಸ್" ವಿಷಯಕ್ಕೆ ಬರೋಣ. ಆನೆ ಒಂದೇ ಜಾಗದಲ್ಲಿ ನಿಂತು ಎಡಕ್ಕೆ ಬಲಕ್ಕೆ ತೂಗುತ್ತೆ. ಇಲ್ಲಾಂದ್ರೆ ತಲೆಯನ್ನ ಮೇಲೆ ಕೆಳಗೆ ಆಡಿಸ್ತಾನೇ ಇರುತ್ತೆ. ಇಲ್ಲಾಂದ್ರೆ ಎರಡು ಹೆಜ್ಜೆ ಮುಂದೆ, ಎರಡು ಹೆಜ್ಜೆ ಹಿಂದೆ. ಹತ್ತು ನಿಮಿಷ ಬಿಟ್ಟು ಬಂದು ನೋಡಿದ್ರೂ ಅದೇ ತೂಗಾಟ, ಅದೇ ತಾಳ. ಕಾಡಲ್ಲಿ ಗುಂಪಿನ ಜೊತೆ ಇರೋ ಆನೆಗಳಲ್ಲಿ ಇದು ಕಾಣೋದಿಲ್ಲ. ಕಟ್ಟಿ ಹಾಕಿದ, ಒಂಟಿಯಾಗಿಟ್ಟ, ಮಾಡೋಕೆ ಏನೂ ಇಲ್ಲದ ಆನೆಗಳಲ್ಲಿ ಬೆಳೆಯೋ ಅಭ್ಯಾಸ ಇದು.

ದಿನಕ್ಕೆ ಎಷ್ಟೋ ಕಿಲೋಮೀಟರ್ ನಡೆದು, ಹದಿನೈದು ಹದಿನಾರು ಗಂಟೆ ಮೇಯೋ ಪ್ರಾಣಿಗೆ ಅರ್ಧ ಗಂಟೆಯಲ್ಲಿ ಊಟ ಮುಗಿದುಹೋಗಿ ಉಳಿದ ಹೊತ್ತು ಖಾಲಿ ನಿಲ್ಲಬೇಕಾದರೆ ಮೈ ಏನಾದರೊಂದು ದಾರಿ ಹುಡುಕಿಕೊಳ್ಳುತ್ತೆ. ಆಸ್ಪತ್ರೆ ವರಾಂಡದಲ್ಲಿ ಕಾಯ್ತಾ ಕೂತೋರು ಗೊತ್ತಿಲ್ಲದಂಗೆ ಕಾಲು ಅಲ್ಲಾಡಿಸ್ತಾರಲ್ಲ, ಹೆಚ್ಚೂಕಮ್ಮಿ ಹಾಗೆ. ವ್ಯತ್ಯಾಸ ಏನಪ್ಪಾ ಅಂದ್ರೆ, ಮನುಷ್ಯನಿಗೆ ಆಸ್ಪತ್ರೆಯ ಕಾಯುವಿಕೆ ಮಧ್ಯಾಹ್ನಕ್ಕೆ ಮುಗಿಯುತ್ತೆ.

ಇದು ಎಲ್ಲೋ ಒಂದೆರಡು ಆನೆಯ ಕಥೆ ಅಂದುಕೊಳ್ಳೋದು ಬೇಡ. ಅಮೆರಿಕ ಭಾಗದ 39 ಝೂಗಳ 89 ಆನೆಗಳನ್ನ ಹಗಲು ರಾತ್ರಿ ಗಮನಿಸಿ ಮಾಡಿದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಅದರಲ್ಲಿ ಶೇ 85ರಷ್ಟು ಆನೆಗಳಲ್ಲಿ ಈ ತರದ ಒಂದೇ ಸಮನೆ ಚಲನೆ ಕಂಡುಬಂತು. ದುಡ್ಡು, ಜಾಗ, ವೈದ್ಯರು ಎಲ್ಲ ಇರೋ ಝೂಗಳಲ್ಲೇ ಈ ಸ್ಥಿತಿ. ಯಾವ ಆನೆಗಳಲ್ಲಿ ಜಾಸ್ತಿ ಅನ್ನೋದನ್ನೂ ಅವರು ಲೆಕ್ಕ ಹಾಕಿದರು. ಒಂಟಿಯಾಗಿ ಹೆಚ್ಚು ಹೊತ್ತು ಇರುವವು, ಒಂದು ಝೂನಿಂದ ಇನ್ನೊಂದಕ್ಕೆ ಪದೇ ಪದೇ ಸಾಗಿಸಲ್ಪಟ್ಟವು ಜಾಸ್ತಿ ತೂಗಾಡುತ್ತಿದ್ದವು. ಜೊತೆಯಲ್ಲಿ ಮರಿಗಳಿದ್ದ ಆನೆಗಳಲ್ಲಿ ಇದು ಕಮ್ಮಿ. ಮನೆಯಲ್ಲಿ ಮಕ್ಕಳಿದ್ರೆ ಅಜ್ಜಿಗೆ ಹೊತ್ತು ಹೋಗೋದು ಗೊತ್ತಾಗಲ್ಲ ಅಂತೀವಲ್ಲ, ಆನೆಗೂ ಅಷ್ಟೇ ಅನ್ನಿಸುತ್ತೆ.

ಇಲ್ಲಿ ಒಂದು ಮಾತು ಸೇರಿಸಲೇಬೇಕು. ತೂಗಾಡೋ ಆನೆ ಕಂಡ ಕೂಡಲೇ "ಈ ಝೂನವರು ಸರಿಯಾಗಿ ನೋಡ್ಕೊಳ್ತಿಲ್ಲ" ಅಂತ ತೀರ್ಪು ಕೊಡೋದೂ ತಪ್ಪು. ಈ ಅಭ್ಯಾಸ ಒಮ್ಮೆ ಅಂಟಿದರೆ ಸುಲಭಕ್ಕೆ ಬಿಡಲ್ಲ. ಸರ್ಕಸ್‌ನಲ್ಲೋ ಬೇರೆಲ್ಲೋ ವರ್ಷಾನುಗಟ್ಟಲೆ ಸರಪಳಿಯಲ್ಲಿದ್ದು ಬಂದ ಆನೆ, ಒಳ್ಳೆ ಜಾಗಕ್ಕೆ ಬಂದ ಮೇಲೂ ತೂಗಾಡಬಹುದು. ಹಳೇ ಗಾಯದ ಕಲೆ ಇದ್ದಂಗೆ. ಊಟದ ಹೊತ್ತು ಹತ್ತಿರ ಬಂದಾಗ ಪಾಲಕರ ದಾರಿ ಕಾಯ್ತಾ ತೂಗಾಡೋದೂ ಇದೆ. ಹಾಗಾಗಿ ಒಂದು ಸಲ ಕಂಡದ್ದಕ್ಕಿಂತ, ಎಷ್ಟು ಹೊತ್ತು, ಯಾವಾಗ, ಯಾವುದರಿಂದ ನಿಲ್ಲುತ್ತೆ ಅನ್ನೋದು ಮುಖ್ಯ. ಗೆಳತಿ ಆನೆ ಹತ್ತಿರ ಬಂದ ತಕ್ಷಣ ತೂಗಾಟ ನಿಲ್ಲಿಸಿ ಸೊಂಡಿಲು ಚಾಚಿದರೆ ಅದಕ್ಕೆ ಸುತ್ತಲಿನ ಮೇಲೆ ಇನ್ನೂ ಗಮನ ಇದೆ ಅಂತ ಅರ್ಥ. ಯಾರು ಬಂದರೂ ಹೋದರೂ ನಿಲ್ಲದಿದ್ದರೆ ಚಿಂತೆಯ ವಿಷಯ.

ದಕ್ಷಿಣ ಕೊರಿಯಾದ ಎವರ್‌ಲ್ಯಾಂಡ್ ಝೂನಲ್ಲಿ ಕೋಶಿಕ್ ಅಂತ ಒಂದು ಗಂಡಾನೆ ಇದೆ. ಸೊಂಡಿಲನ್ನ ತನ್ನ ಬಾಯೊಳಗೇ ತುರುಕಿಕೊಂಡು ಕೊರಿಯನ್ ಭಾಷೆಯ ಐದು ಪದಗಳನ್ನ ಮನುಷ್ಯರ ದನಿಯಲ್ಲೇ ಹೇಳೋದು ಅದರ ಹೆಸರುವಾಸಿ. "ನಮಸ್ಕಾರ", "ಕೂತ್ಕೋ", "ಮಲಕ್ಕೋ", "ಬೇಡ", "ಚೆನ್ನಾಗಿದೆ" ಅನ್ನೋ ಅರ್ಥದ ಪದಗಳು. ಕೇಳಿದವರೆಲ್ಲ ನಕ್ಕರು, ಆನೆ ಮಿಮಿಕ್ರಿ ಮಾಡುತ್ತೆ ಅಂದರು. 2012ರಲ್ಲಿ ವಿಜ್ಞಾನಿಗಳು ಇದನ್ನ ಪರೀಕ್ಷಿಸಿ ಬರೆದಾಗ ಕಥೆಯ ಇನ್ನೊಂದು ಮುಖ ಗೊತ್ತಾಯ್ತು. ಕೋಶಿಕ್ ಚಿಕ್ಕವನಿದ್ದಾಗ ಸುಮಾರು ಐದು ವರ್ಷ ಆ ಝೂನಲ್ಲಿ ಅವನೊಬ್ಬನೇ ಆನೆ. ಮಾತಾಡಿಸೋಕೆ ಬೇರೆ ಆನೆ ಇರಲಿಲ್ಲ, ಇದ್ದದ್ದು ಪಾಲಕರು ಮಾತ್ರ. ಅವರ ಜೊತೆ ನಂಟು ಬೆಳೆಸೋಕೇ ಅವರ ದನಿ ಕಲಿತಿರಬೇಕು ಅನ್ನೋದು ಸಂಶೋಧಕರ ಅಂದಾಜು. ಹೇಳೋ ಪದದ ಅರ್ಥ ಅದಕ್ಕೆ ಗೊತ್ತಿದ್ದಂತೆ ಕಾಣಲಿಲ್ಲ. ಯಾರಾದರೂ ಜೊತೆಗಿರಲಿ ಅಂತ ಹೇಳ್ತಿತ್ತು, ಅಷ್ಟೆ.

ಹಾಗಾದ್ರೆ ನಿಜವಾದ ಆಟ ಹೇಗಿರುತ್ತೆ?

ಆಟಕ್ಕೆ ತಾಳ ಇರಲ್ಲ. ಇದೇ ಮೊದಲ ಗುರುತು. ಆಡೋ ಆನೆ ಮುಂದಿನ ಕ್ಷಣ ಏನು ಮಾಡುತ್ತೆ ಅಂತ ನೋಡೋರಿಗೆ ಗೊತ್ತಾಗಲ್ಲ. ಓಡುತ್ತೆ, ನಿಲ್ಲುತ್ತೆ, ತಿರುಗುತ್ತೆ, ಬೀಳುತ್ತೆ, ಏಳುತ್ತೆ.

ಎರಡನೇದು, ಮೈ ಸಡಿಲ. ಆಟದ ಓಟದಲ್ಲಿ ಆನೆಯ ಸೊಂಡಿಲು ಬಿಗಿ ಇಲ್ಲದೆ ಒದ್ದೆ ಟವಲ್ ತರ ಜೋತಾಡುತ್ತೆ. ತಲೆ ಬಗ್ಗಿಸಿ, ಕಿವಿ ಪಟಪಟ ಅನ್ನಿಸ್ತಾ, ಕಾಲುಗಳನ್ನ ಎಲ್ಲೆಲ್ಲೋ ಇಡ್ತಾ ಓಡುತ್ತೆ. ಕೀನ್ಯಾದ ಅಂಬೋಸೆಲಿಯಲ್ಲಿ ಸಿಂಥಿಯಾ ಮಾಸ್ 1972ರಲ್ಲಿ ಶುರುಮಾಡಿದ ಆನೆ ಅಧ್ಯಯನದಲ್ಲಿ, ಅವರೂ ಆಮೇಲೆ ಸೇರಿಕೊಂಡ ಜಾಯ್ಸ್ ಪೂಲ್ ಅವರೂ ಇಂಥ ಆಟಗಳನ್ನ ದಶಕಗಟ್ಟಲೆ ದಾಖಲಿಸಿದ್ದಾರೆ. ಎದುರಿಗೆ ಯಾವ ಶತ್ರುವೂ ಇಲ್ಲದೆ, ಪೊದೆಯನ್ನೇ ಶತ್ರು ಅಂದುಕೊಂಡು ನುಗ್ಗೋದು, ಬೆಳ್ಳಕ್ಕಿ ಅಟ್ಟಿಸಿಕೊಂಡು ಹೋಗೋದು, ಓಡ್ತಾ ಓಡ್ತಾ ತುತ್ತೂರಿ ಊದಿದಂಗೆ ಕೂಗೋದು, ಇವೆಲ್ಲ ಅಲ್ಲಿ ಕಂಡಿವೆ. ಅದು ಆಫ್ರಿಕಾ ಆನೆ, ನಮ್ಮದು ಏಷ್ಯಾ ಆನೆ. ಜಾತಿ ಬೇರೆಯಾದರೂ ಆಟದ ಭಾಷೆ ಬಹುತೇಕ ಒಂದೇ.

ಮೂರನೇದು ಸರದಿ. ಎರಡು ಮರಿಗಳು ಹಣೆಗೆ ಹಣೆ ಕೊಟ್ಟು ತಳ್ಳಾಡ್ತಿದ್ದರೆ ಸ್ವಲ್ಪ ಹೊತ್ತು ನೋಡಿ. ಒಂದು ಸಲ ಇದು ತಳ್ಳುತ್ತೆ, ಇನ್ನೊಂದು ಸಲ ಅದು. ಸೋತದ್ದು ಓಡಿಹೋಗಲ್ಲ, ತಿರುಗಿ ಬರುತ್ತೆ. ದೊಡ್ಡದು ಚಿಕ್ಕದರ ಜೊತೆ ಆಡುವಾಗ ತನ್ನ ಬಲ ಕಮ್ಮಿ ಮಾಡಿಕೊಳ್ಳುತ್ತೆ. ಅಂಬೋಸೆಲಿಯಲ್ಲಿ ದೊಡ್ಡ ಗಂಡಾನೆಗಳು ಮೊಣಕಾಲೂರಿ ಕೂತು ಚಿಕ್ಕ ಗಂಡಾನೆಗಳನ್ನ ಕುಸ್ತಿಗೆ ಕರೆಯೋದು ಕಂಡುಬಂದಿದೆ. ನಾಲ್ಕೈದು ಟನ್ ತೂಕದ ಪ್ರಾಣಿ "ಬಾರೋ, ನಿನ್ನ ಎತ್ತರಕ್ಕೇ ಬಂದಿದೀನಿ" ಅನ್ನೋ ತರ. ಹಳ್ಳೀಲಿ ಅಪ್ಪ ಮಗ ಕುಸ್ತಿ ಆಡುವಾಗ ಅಪ್ಪ ಬೇಕಂತಲೇ ಸೋಲ್ತಾನಲ್ಲ, ಅದೇ.

ಮರಿಗಳ ಆಟ ಬೇರೆ ಲೆಕ್ಕ. ಹುಟ್ಟಿದಾಗ ಸುಮಾರು ನೂರು ಕೆ.ಜಿ. ತೂಗೋ ಆನೆಮರಿಗೆ ತನ್ನ ಸೊಂಡಿಲು ಯಾಕಿದೆ ಅಂತಲೇ ಗೊತ್ತಿರಲ್ಲ. ತುಳಿದುಕೊಳ್ಳುತ್ತೆ, ಬೀಸುತ್ತೆ, ಬಾಯಲ್ಲಿಟ್ಟು ಚೀಪುತ್ತೆ. ಹತ್ತಾರು ಸಾವಿರ ಸ್ನಾಯು ಎಳೆಗಳಿರೋ, ಮೂಳೆ ಇಲ್ಲದ ಅಂಗವನ್ನ ಪಳಗಿಸೋಕೆ ಅದಕ್ಕೆ ತಿಂಗಳುಗಳೇ ಬೇಕು. ಕಡ್ಡಿ ಎತ್ತಿ ಬಿಸಾಕೋದು, ಅಮ್ಮನ ಬಾಲ ಹಿಡಿಯೋದು, ಮಲಗಿದ ಅಣ್ಣನ ಮೇಲೆ ಹತ್ತೋದು, ಕೆಸರಲ್ಲಿ ಜಾರೋದು, ಇದೆಲ್ಲ ಆಟವೂ ಹೌದು, ಪಾಠವೂ ಹೌದು. ಮುಂದೆ ಗುಂಪಲ್ಲಿ ಯಾರಿಗೆ ಎಷ್ಟು ಸಲಿಗೆ, ಯಾರ ಹತ್ತಿರ ಹುಷಾರಾಗಿರಬೇಕು ಅನ್ನೋದು ಮರಿ ಕಲಿಯೋದೂ ಇಲ್ಲೇ.

ಇನ್ನು ನಾವು ಆಟ ಅಂದುಕೊಳ್ಳೋ ಕೆಲವು, ಆಟವೂ ಅಲ್ಲ ಸಂಕಟವೂ ಅಲ್ಲ, ಮಾಮೂಲಿ ದಿನಚರಿ. ಮಣ್ಣು ಎರಚಿಕೊಳ್ಳೋದು ಬಿಸಿಲಿನಿಂದ, ನೊಣದಿಂದ ಚರ್ಮ ಕಾಪಾಡೋಕೆ. ಕಿವಿ ಬೀಸೋದು ಮೈ ತಣಿಸೋಕೆ. ಆನೆಗೆ ನಮ್ಮಂಗೆ ಮೈಯೆಲ್ಲ ಬೆವರಲ್ಲ, ಕಿವಿಯ ತೆಳು ಚರ್ಮದ ರಕ್ತನಾಳಗಳಿಂದಲೇ ಬಿಸಿ ಹೊರಹಾಕಬೇಕು. ಅದಕ್ಕೇ ಏಪ್ರಿಲ್ ಮಧ್ಯಾಹ್ನ ಕಿವಿ ಬೀಸಾಟ ಜೋರು. ಒಂದು ಆನೆ ಇನ್ನೊಂದರ ಬಾಯೊಳಗೆ ಸೊಂಡಿಲು ಇಡೋದು ತುತ್ತು ಕಿತ್ತುಕೊಳ್ಳೋಕೆ ಅಂತ ಜನ ನಗ್ತಾರೆ. ಬಹಳ ಸಲ ಅದು ಕುಶಲ ವಿಚಾರಿಸೋದು, ಧೈರ್ಯ ಹೇಳೋದು.

ಬರ್ಲಿನ್ ಝೂನ ಪೈಪ್ ಜಗಳ

ಝೂ ಆನೆಗಳ ತುಂಟಾಟಕ್ಕೆ ಇತ್ತೀಚೆಗೆ ಸಿಕ್ಕ ಅತಿ ಒಳ್ಳೆ ಉದಾಹರಣೆ ಜರ್ಮನಿಯ ಬರ್ಲಿನ್ ಝೂನದ್ದು. ಅಲ್ಲಿನ ಹಂಬೋಲ್ಟ್ ವಿಶ್ವವಿದ್ಯಾಲಯದ ಸಂಶೋಧಕರು 2024ರ ನವೆಂಬರ್‌ನಲ್ಲಿ ಅದನ್ನ ಪ್ರಕಟಿಸಿದರು. ಪಾತ್ರಧಾರಿಗಳು ಇಬ್ಬರು. 54 ವರ್ಷದ ಮೇರಿ, 12 ವರ್ಷದ ಅಂಚಾಲಿ. ಎರಡೂ ಏಷ್ಯಾ ಆನೆಗಳೇ, ಅಂದ್ರೆ ನಮ್ಮ ಕಾಡಿನ ಆನೆಗಳ ಜಾತಿಯವೇ.

ಮೇರಿಗೆ ನೀರಿನ ಪೈಪ್ ಕೊಟ್ಟರೆ ತಾನೇ ಸ್ನಾನ ಮಾಡಿಕೊಳ್ಳುತ್ತೆ. ತಲೆಗೆ ನೀರು ಬೇಕಾದಾಗ ಪೈಪಿನ ತುದಿಗೆ ಹತ್ತಿರ ಹಿಡಿಯುತ್ತೆ, ಆಗ ಅದು ನೆಟ್ಟಗೆ ಶವರ್ ತರ ನಿಲ್ಲುತ್ತೆ. ಬೆನ್ನಿಗೆ ಬೇಕಾದಾಗ ತುದಿಯಿಂದ ದೂರ ಹಿಡಿದು, ಹಗ್ಗ ಬೀಸಿದಂಗೆ ಹಿಂದಕ್ಕೆ ಬೀಸುತ್ತೆ. ಸಂಶೋಧಕರು ಬೇಕಂತಲೇ ದಪ್ಪನೆಯ ಭಾರದ ಪೈಪ್ ಕೊಟ್ಟು ನೋಡಿದರು. ಅದು ಬೀಸೋಕೆ ಆಗಲ್ಲ ಅಂತ ಗೊತ್ತಾದಾಗ ಮೇರಿ ಸೊಂಡಿಲಿನಿಂದಲೇ ಹೆಚ್ಚು ನೀರು ಹಾಕಿಕೊಂಡಿತು. ತೋಟಕ್ಕೆ ಪೈಪ್‌ನಲ್ಲಿ ನೀರು ಬಿಡೋ ರೈತರಿಗೆ ಇದರ ಕಷ್ಟ ಗೊತ್ತು. ಪೈಪನ್ನ ಎಲ್ಲಿ ಹಿಡಿದರೆ ನೀರು ಎಲ್ಲಿಗೆ ಬೀಳುತ್ತೆ ಅನ್ನೋ ಲೆಕ್ಕ ಮನುಷ್ಯರಿಗೂ ಒಂದೇ ದಿನಕ್ಕೆ ಬರಲ್ಲ.

ಮಜಾ ಇರೋದು ಅಂಚಾಲಿ ವಿಷಯದಲ್ಲಿ. ಮೇರಿ ಆರಾಮಾಗಿ ಸ್ನಾನ ಮಾಡ್ತಿರುವಾಗ ಅಂಚಾಲಿ ಪಕ್ಕದಲ್ಲಿ ಬಂದು ಪೈಪನ್ನ ತನ್ನ ಕಡೆ ಎಳೆದು, ಎತ್ತಿ, ಮಡಚಿ, ಮಡಚಿದ ಜಾಗವನ್ನ ಸೊಂಡಿಲಿಂದ ಗಟ್ಟಿಯಾಗಿ ಹಿಸುಕಿತು. ನೀರು ನಿಂತುಹೋಯ್ತು! ಒಂದು ಸಲ ಅಲ್ಲ, ಮತ್ತೆ ಮತ್ತೆ. ದಿನ ಕಳೆದಂತೆ ಮಡಚೋ ಕೈಚಳಕವೂ ಸುಧಾರಿಸಿತು. ಆಮೇಲೆ ಇನ್ನೊಂದು ಉಪಾಯ ಕಂಡುಕೊಂಡಿತು: ಸೊಂಡಿಲನ್ನ ಪೈಪ್ ಮೇಲೆ ಊರಿ ಮೈಭಾರ ಬಿಡೋದು. ನೀರಿನ ಪೈಪ್ ಮೇಲೆ ಕಾಲಿಟ್ಟು ತಮ್ಮನನ್ನ ಅಳಿಸೋ ಅಕ್ಕ ಎಲ್ಲರ ಮನೆಯಲ್ಲೂ ಇರ್ತಾಳೆ. ಬರ್ಲಿನ್‌ನಲ್ಲಿ ಚಿಕ್ಕದೇ ದೊಡ್ಡದರ ಕಾಲೆಳೆದದ್ದು.

ಇದು ಚೇಷ್ಟೆಯೋ, ಹಗೆ ತೀರಿಸಿಕೊಳ್ಳೋದೋ? ಸಂಶೋಧಕರು ದುಡುಕಿ ಉತ್ತರ ಕೊಡಲಿಲ್ಲ. ಮೇರಿ ಮತ್ತು ಅಂಚಾಲಿ ನಡುವೆ ಸ್ನಾನದ ಹೊತ್ತಲ್ಲಿ ಜಟಾಪಟಿ ನಡೆದದ್ದು ಅವರ ಕಣ್ಣಿಗೂ ಬಿದ್ದಿತ್ತು. ಎರಡು ಪೈಪ್ ಇಟ್ಟು, ಅಂಚಾಲಿ ಮೇರಿಯ ಪೈಪನ್ನೇ ಆರಿಸಿ ಮಡಚುತ್ತಾ ಅಂತ ಪರೀಕ್ಷೆಯನ್ನೂ ಮಾಡಿದರು, ಅದರಿಂದ ಖಚಿತ ಉತ್ತರ ಬರಲಿಲ್ಲ. ಆದರೆ ಒಂದಂತೂ ಸ್ಪಷ್ಟ. ನೀರು ನಿಲ್ಲಿಸೋದರಿಂದ ಅಂಚಾಲಿಗೆ ತಿನ್ನೋಕೆ ಏನೂ ಸಿಗಲಿಲ್ಲ, ಯಾರೂ ಅದಕ್ಕೆ ಹೇಳಿಕೊಟ್ಟಿರಲಿಲ್ಲ. ತಾನೇ ಕಂಡುಹಿಡಿದದ್ದು, ಮಾಡ್ತಾ ಮಾಡ್ತಾ ಸುಧಾರಿಸಿಕೊಂಡದ್ದು. ತುಂಟತನ ಅಂದ್ರೆ ಇನ್ನೇನು?

ಆಟದ ಸಾಮಾನೇ ಕೆಲಸಕ್ಕೆ ಬರೋದೂ ಉಂಟು. ವಾಷಿಂಗ್ಟನ್‌ನ ರಾಷ್ಟ್ರೀಯ ಝೂನಲ್ಲಿ ಕಂಡುಲ ಅನ್ನೋ ಏಳು ವರ್ಷದ ಗಂಡಾನೆಗೆ ಎಟುಕದ ಎತ್ತರದಲ್ಲಿ ಹಣ್ಣು ಕಟ್ಟಿದ ಬಿದಿರು ಕೊಂಬೆ ನೇತುಹಾಕಿದರು. ಕೆಳಗೆ ಕೋಲುಗಳನ್ನ ಇಟ್ಟರು, ಕೋಲಿಂದ ಬಡಿದು ಬೀಳಿಸುತ್ತಾ ನೋಡೋಣ ಅಂತ. ಕಂಡುಲ ಕೋಲು ಮುಟ್ಟಲಿಲ್ಲ. ಮೊದಲ ಕೆಲವು ಸಲ ಸುಮ್ಮನೆ ನೋಡಿ ಹೋಯ್ತು. ಒಂದು ದಿನ ಇದ್ದಕ್ಕಿದ್ದಂತೆ ಆವರಣದಲ್ಲಿದ್ದ ದೊಡ್ಡ ಪ್ಲಾಸ್ಟಿಕ್ ಡಬ್ಬವನ್ನ ಉರುಳಿಸಿಕೊಂಡು ಬಂದು, ಅದರ ಮೇಲೆ ಮುಂಗಾಲಿಟ್ಟು ಹಣ್ಣು ಕಿತ್ತಿತು. ಡಬ್ಬ ತೆಗೆದಿಟ್ಟಾಗ ಟೈರ್ ತಂದಿತು. 2011ರಲ್ಲಿ ಇದು ಪ್ರಕಟವಾದಾಗ ಸಂಶೋಧಕರು ಹೇಳಿದ ವಿವರಣೆ ಚೆನ್ನಾಗಿದೆ: ಆನೆಗೆ ಸೊಂಡಿಲು ಕೈಯೂ ಹೌದು, ಮೂಗೂ ಹೌದು. ಸೊಂಡಿಲಲ್ಲಿ ಕೋಲು ಹಿಡಿದರೆ ಹಣ್ಣಿನ ವಾಸನೆ ಹಿಡಿಯೋದು ಹೇಗೆ? ನಮಗೆ ಕಣ್ಣಿಗೆ ಬಟ್ಟೆ ಕಟ್ಟಿ ಮಾವಿನಕಾಯಿ ಉದುರಿಸು ಅಂದಂಗೆ ಆಗುತ್ತೆ.

ಇಷ್ಟು ದೂರ ಹೋಗೋದೇ ಬೇಡ, ನಮ್ಮ ನಾಗರಹೊಳೆಯದ್ದೇ ಒಂದು ಅಧ್ಯಯನ ಇದೆ. ಸೊಪ್ಪಿನ ಕೊಂಬೆ ಬೀಸಿ ನೊಣ ಓಡಿಸೋದು ಆನೆಗಳ ಅಭ್ಯಾಸ. ನಾಗರಹೊಳೆಯ 13 ಸಾಕಾನೆಗಳಿಗೆ ಬೇಕಂತಲೇ ತೀರ ಉದ್ದದ, ಪೊದೆಯಂಥ ಕೊಂಬೆ ಕೊಟ್ಟು ನೋಡಿದರು. 8 ಆನೆಗಳು ಕೊಂಬೆಯನ್ನ ಕಾಲಲ್ಲಿ ಒತ್ತಿಹಿಡಿದೋ, ಪಕ್ಕದ ರೆಂಬೆ ಮುರಿದೋ ತಮಗೆ ಬೇಕಾದ ಅಳತೆಗೆ ತಂದುಕೊಂಡವು. 2001ರಲ್ಲಿ ಇದು ಪ್ರಕಟವಾಗಿದೆ. ಹಾಗಾಗಿ ಆನೆ ಸೊಪ್ಪು ಹಿಡಿದು ಬೀಸ್ತಿದ್ರೆ "ಟಾಟಾ ಮಾಡ್ತಿದೆ" ಅಂತ ಮಕ್ಕಳಿಗೆ ಹೇಳೋ ಬದಲು, ಅದು ತನ್ನ ಬೀಸಣಿಗೆ ತಾನೇ ಮಾಡ್ಕೊಂಡಿದೆ ಅಂತ ಹೇಳಬಹುದು. ಮಕ್ಕಳಿಗೆ ಅದೇ ಹೆಚ್ಚು ಖುಷಿ ಕೊಟ್ಟೀತು.

ಆಟಕ್ಕೆ ಜೊತೆ ಬೇಕು

ಇಂಥ ಬುದ್ಧಿ ಇರೋ ಪ್ರಾಣಿಯನ್ನ ನಾಲ್ಕು ಗೋಡೆ, ಒಂದು ಕಂದಕದ ಒಳಗೆ ಇಟ್ಟಾಗ ಅದಕ್ಕೆ ಮಾಡೋಕೆ ಕೆಲಸ ಕೊಡಬೇಕು. ಝೂಗಳಲ್ಲಿ ಟೈರ್ ನೇತುಹಾಕಿರೋದು, ಮರದ ದಿಮ್ಮಿ ಬಿಟ್ಟಿರೋದು, ಮರಳು ಗುಡ್ಡೆ ಹಾಕಿರೋದು, ಹುಲ್ಲನ್ನ ಎತ್ತರದಲ್ಲಿ ಬಲೆಯೊಳಗೆ ತುಂಬಿ ಕಟ್ಟಿರೋದು ಅಲಂಕಾರಕ್ಕಲ್ಲ. ಹತ್ತು ನಿಮಿಷದಲ್ಲಿ ತಿಂದು ಮುಗಿಸೋ ಹುಲ್ಲನ್ನ ಎರಡು ಗಂಟೆ ಕಿತ್ತು ಕಿತ್ತು ತಿನ್ನಲಿ ಅಂತ. ಆದರೆ ಟೈರ್ ಎಷ್ಟೇ ಒಳ್ಳೆಯದಾದರೂ ಒಂದು ವಾರಕ್ಕೆ ಹಳೇದಾಗುತ್ತೆ. ಹಳೇದಾಗದ ಆಟದ ಸಾಮಾನು ಅಂದ್ರೆ ಇನ್ನೊಂದು ಆನೆ.

ಈ ಕಾರಣಕ್ಕೇ ಆನೆಗಳನ್ನ ಸಾಗಿಸುವಾಗ ಒಂಟಿಯಾಗಿ ಕಳಿಸೋದು ಕ್ರೂರ. 2025ರ ಜುಲೈನಲ್ಲಿ ಬನ್ನೇರುಘಟ್ಟ ಜೈವಿಕ ಉದ್ಯಾನದಿಂದ ಸುರೇಶ, ಗೌರಿ, ಶ್ರುತಿ, ತುಳಸಿ ಅನ್ನೋ ನಾಲ್ಕು ಆನೆಗಳು ವಿಮಾನದಲ್ಲಿ ಜಪಾನ್‌ನ ಹಿಮೇಜಿಗೆ ಹೋದವು. ನಾಲ್ಕೂ ಹತ್ತು ವರ್ಷದೊಳಗಿನವು. ಕನ್ನಡದ ಮಾತು ಕೇಳಿ ಬೆಳೆದ ಆನೆಗಳನ್ನ ಕಡಲಾಚೆ ಕಳಿಸಬೇಕಿತ್ತಾ ಅನ್ನೋ ಚರ್ಚೆ ಆಗಲೂ ಇತ್ತು, ಈಗಲೂ ಇದೆ. ಕಳಿಸಿದ್ದು ಸರಿಯೋ ತಪ್ಪೋ, ನಾಲ್ಕನ್ನೂ ಒಟ್ಟಿಗೆ ಕಳಿಸಿದ್ದು ಮಾತ್ರ ಸರಿ. ಹೊಸ ಊರಲ್ಲಿ ತಳ್ಳಾಡೋಕೆ, ಬಾಲ ಎಳೆಯೋಕೆ ಹಳೇ ಜೊತೆಗಾರರಾದರೂ ಇರ್ತಾರೆ.

ಜಗಳವನ್ನ ಆಟ ಅಂದುಕೊಂಡರೆ?

ಸಂಕಟವನ್ನ ಆಟ ಅಂದುಕೊಂಡರೆ ಕಷ್ಟ ಆನೆಗೆ. ಸಿಟ್ಟನ್ನ ಆಟ ಅಂದುಕೊಂಡರೆ ಕಷ್ಟ ನಮಗೆ.

2024ರ ದಸರಾ ನೆನಪಿಸಿಕೊಳ್ಳಿ. ಸೆಪ್ಟೆಂಬರ್ 20ರ ರಾತ್ರಿ ಅರಮನೆ ಆವರಣದಲ್ಲಿ ಊಟದ ಹೊತ್ತಲ್ಲಿ ಧನಂಜಯ, ಕಂಜನ್ ನಡುವೆ ಜಗಳ ಹತ್ತಿತು. ಧನಂಜಯ ಅಟ್ಟಿಸಿಕೊಂಡು ಬಂದ, ಕಂಜನ್ ಜಯಮಾರ್ತಾಂಡ ದ್ವಾರದಿಂದ ರಸ್ತೆಗೇ ಓಡಿ ಬಂದ. ಎರಡೂ ದುಬಾರೆ ಶಿಬಿರದವು, ಒಂದಕ್ಕೊಂದು ಗೊತ್ತಿದ್ದವು. ಮಾವುತರು ಹತೋಟಿಗೆ ತಂದು ಒಳಗೆ ಕರೆದೊಯ್ದರು, ಯಾರಿಗೂ ಏನೂ ಆಗಲಿಲ್ಲ. ವಿಡಿಯೊ ನೋಡಿದ ಕೆಲವರು "ಓಡಾಟ ಆಡ್ತಿವೆ" ಅಂತ ನಗುವ ಚಿತ್ರ ಹಾಕಿ ಹಂಚಿದ್ದೂ ಉಂಟು. ಮೇಲೆ ಹೇಳಿದ ಗುರುತು ಇಟ್ಟು ನೋಡಿದರೆ ಗೊತ್ತಾಗುತ್ತೆ. ಸರದಿ ಇಲ್ಲ, ಒಂದೇ ಓಡಿಸ್ತಿದೆ, ಇನ್ನೊಂದು ಓಡ್ತಿದೆ. ತಿರುಗಿ ಬರ್ತಿಲ್ಲ. ಮೈ ಸಡಿಲ ಇಲ್ಲ. ಅದು ಆಟ ಅಲ್ಲ.

ಗಂಡಾನೆಗೆ ಮದ ಬಂದಾಗಂತೂ ಆಟದ ಪ್ರಶ್ನೆಯೇ ಇಲ್ಲ. ಕಣ್ಣಿಗೂ ಕಿವಿಗೂ ನಡುವಿನ ಜಾಗ ಊದಿ, ಎಣ್ಣೆಯಂಥ ದ್ರವ ಕೆನ್ನೆ ಮೇಲೆ ಇಳಿದಿರುತ್ತೆ. ಮೂತ್ರ ತೊಟ್ಟಿಕ್ಕುತ್ತಾ ಹಿಂಗಾಲು ಒದ್ದೆಯಾಗಿರುತ್ತೆ. ಇದಕ್ಕೆ ಮಸ್ತಿ ಅಂತಲೂ ಹೇಳ್ತಾರೆ. ಕಾಲೇಜು ಹುಡುಗರು ಟ್ರಿಪ್‌ಗೆ ಹೋದಾಗ ಮಾಡೋ "ಮಸ್ತಿ"ಯೂ ಇದೇ ಪದ. ಎರಡರ ಮೂಲವೂ ಅಮಲು ಅನ್ನೋ ಅರ್ಥದ ಪಾರ್ಸಿ ಮಾತು. ಹುಡುಗರ ಮಸ್ತಿಯಲ್ಲಿ ಸೇರ್ಕೋಬಹುದು, ಆನೆಯ ಮಸ್ತಿ ಕಂಡರೆ ದೂರ ಇರಬೇಕು, ಅಷ್ಟೇ ವ್ಯತ್ಯಾಸ.

ಕಿವಿಯ ಬಗ್ಗೆ ಇನ್ನೊಂದು ಮಾತು. ಬೀಸ್ತಿದ್ದ ಕಿವಿ ಇದ್ದಕ್ಕಿದ್ದಂತೆ ನಿಂತು, ಅಗಲವಾಗಿ ಹರಡಿ, ತಲೆ ಎತ್ತಿ ನೇರ ನಿಮ್ಮ ಕಡೆ ನೋಡಿದರೆ ಆನೆ ನಿಮ್ಮನ್ನ ಅಳೀತಿದೆ ಅಂತ ಅರ್ಥ. ಒಂದು ಮುಂಗಾಲನ್ನ ಎತ್ತಿ ತೂಗ್ತಾ, ಸೊಂಡಿಲು ಸುರುಳಿ ಮಾಡ್ತಾ ನಿಂತರೆ ಏನು ಮಾಡೋಣ ಅಂತ ಯೋಚನೆ ಮಾಡ್ತಿದೆ. ನೋಡೋರಿಗೆ ಇದೂ ಡ್ಯಾನ್ಸ್ ತರವೇ ಕಾಣುತ್ತೆ. ಕೆಲವು ಸಲ ನುಗ್ಗಿ ಬಂದು ಅರ್ಧಕ್ಕೆ ನಿಲ್ಲುತ್ತೆ, ಹೆದರಿಸೋಕೆ. ಎಲ್ಲಾ ಸಲ ನಿಲ್ಲಲ್ಲ.

2025ರ ಆಗಸ್ಟ್‌ನಲ್ಲಿ ಬಂಡೀಪುರದ ಕೆಕ್ಕನಹಳ್ಳ ಬಳಿ ನಡೆದದ್ದು ಎಲ್ಲರ ಮೊಬೈಲ್‌ಗೂ ಬಂದಿತ್ತು. ರಸ್ತೆಯಲ್ಲಿ ಸಮಾಧಾನವಾಗಿ ತಿನ್ನುತ್ತಿದ್ದ ಕಾಡಾನೆ ಜೊತೆ ಒಬ್ಬರು ಸೆಲ್ಫಿ ತೆಗೆಯೋಕೆ ಹತ್ತಿರ ಹೋದರು. ಆನೆ ಅಟ್ಟಿಸಿಕೊಂಡು ಬಂತು, ಅವರು ಬಿದ್ದರು, ತುಳಿತಕ್ಕೆ ಸಿಕ್ಕಿಯೂ ಜೀವ ಉಳಿಯಿತು. ಅರಣ್ಯ ಇಲಾಖೆ ₹25,000 ದಂಡ ಹಾಕಿತು. ಸುಮ್ಮನೆ ತಿನ್ನುತ್ತಿರೋ ಆನೆ ಅಂದ್ರೆ ಸ್ನೇಹದಲ್ಲಿರೋ ಆನೆ ಅಲ್ಲ. ಝೂನಲ್ಲಿ ಟೈರ್ ಜೊತೆ ಆಡೋ ಆನೆಯನ್ನ ನೋಡಿ ನೋಡಿ, ಕಂದಕ ಇಲ್ಲದ ಕಡೆಯೂ ಅದೇ ಧೈರ್ಯ ಬಂದುಬಿಡುತ್ತೆ. ಅದೇ ವರ್ಷ ದಸರಾ ಆನೆಗಳ ಹತ್ತಿರ ರೀಲ್ಸ್ ಮಾಡೋದಕ್ಕೆ ಇಲಾಖೆ ಕಡಿವಾಣ ಹಾಕಿದ್ದೂ ಸುಮ್ಮನೆ ಅಲ್ಲ.

ಅಂಗಡಿಯವರಿಗೆ ಗೊತ್ತಿರೋ ಇನ್ನೊಂದು ದೃಶ್ಯ ಇದೆ. ಆಗೊಮ್ಮೆ ಈಗೊಮ್ಮೆ ಬೀದಿಯಲ್ಲಿ ಕರ್ಕೊಂಡು ಬರೋ ಆನೆ ಗಲ್ಲಾ ಮುಂದೆ ಸೊಂಡಿಲು ಚಾಚುತ್ತೆ, ಕಾಸು ಕೊಟ್ಟರೆ ತಲೆ ಮುಟ್ಟಿ ಆಶೀರ್ವಾದ ಮಾಡುತ್ತೆ. ಮಕ್ಕಳಿಗೆ ಖುಷಿ, ದೊಡ್ಡವರಿಗೆ ಭಕ್ತಿ. ಬೇಡ ಅನ್ನೋಕಾಗಲ್ಲ. ಆದರೆ ಅದು ಆನೆಯ ಆಟವೂ ಅಲ್ಲ, ಇಷ್ಟವೂ ಅಲ್ಲ, ಕಲಿಸಿದ ಕೆಲಸ. ಕಾದ ಟಾರ್ ರಸ್ತೆಯಲ್ಲಿ ನಡೆದು ಬಂದಿರುತ್ತೆ, ಪಾದ ಮೆತ್ತಗಿರುತ್ತೆ. ಕಾಸಿನ ಜೊತೆ ಎರಡು ಬಕೆಟ್ ನೀರು ಇಟ್ಟರೆ, ಅಂಗಡಿ ಪಕ್ಕದ ನೆರಳಲ್ಲಿ ಹತ್ತು ನಿಮಿಷ ನಿಲ್ಲೋಕೆ ಬಿಟ್ಟರೆ, ಆಗ ಅದರ ಸೊಂಡಿಲು ಏನು ಮಾಡುತ್ತೆ ನೋಡಿ.

ಝೂನಲ್ಲಿ ನೋಡೋದು ಹೇಗೆ?

ನಿಂತ ಕಡೆಯೇ ಐದು ನಿಮಿಷ ನಿಂತರೆ ಸಾಕು. ಮೂವತ್ತು ಸೆಕೆಂಡ್‌ನ ವಿಡಿಯೊದಲ್ಲಿ ಗೊತ್ತಾಗದ್ದು ಐದು ನಿಮಿಷದಲ್ಲಿ ಗೊತ್ತಾಗುತ್ತೆ. ಚಲನೆ ಬದಲಾಗ್ತಾ ಇದೆಯಾ, ಒಂದೇ ಇದೆಯಾ? ಪಕ್ಕದ ಆನೆಗೆ ಸ್ಪಂದಿಸ್ತಿದೆಯಾ? ಸೊಂಡಿಲು ಏನನ್ನಾದರೂ ಹುಡುಕ್ತಿದೆಯಾ, ಖಾಲಿ ತೂಗ್ತಿದೆಯಾ? ಮರಿ ಇದ್ದರೆ ಮರಿಯನ್ನಲ್ಲ, ಮರಿಯ ಸುತ್ತ ಇರೋ ದೊಡ್ಡವನ್ನ ನೋಡಿ. ಮರಿ ಕುಣಿದಾಡುವಾಗ ಅವು ಮೇವು ತಿನ್ನುತ್ತಾ ನಿಂತಿದ್ದರೆ ಎಲ್ಲ ಸರಿ ಇದೆ. ಎಲ್ಲವೂ ಒಮ್ಮೆಗೇ ಮರಿಯನ್ನ ನಡುವೆ ಹಾಕಿಕೊಂಡು ಹೊರಗೆ ಮುಖ ಮಾಡಿದರೆ ಅವಕ್ಕೆ ಏನೋ ಹೆದರಿಕೆ ಆಗಿದೆ. ಬಹಳ ಸಲ ಆ ಹೆದರಿಕೆಗೆ ಕಾರಣ ಬೇಲಿಯ ಈಚೆ ಕೂಗ್ತಿರೋ ನಮ್ಮೋರೇ.

ಕೂಗೋದು, ಸಿಳ್ಳೆ ಹೊಡೆಯೋದು, ಬಾಳೆಹಣ್ಣು, ಬಿಸ್ಕತ್ ಎಸೆಯೋದು ಬರೀ ಶಿಸ್ತಿನ ವಿಷಯ ಅಲ್ಲ. ಝೂ ಪ್ರಾಣಿಗಳನ್ನ ಕೆಣಕೋದು, ಅವಕ್ಕೆ ತಿನ್ನಿಸೋದು, ಗದ್ದಲ ಮಾಡಿ ತೊಂದರೆ ಕೊಡೋದು ವನ್ಯಜೀವಿ ಸಂರಕ್ಷಣಾ ಕಾಯ್ದೆಯ 38ಜೆ ಸೆಕ್ಷನ್ ಪ್ರಕಾರ ಅಪರಾಧ. ಎಸೆದ ಬಾಳೆಹಣ್ಣಿಗೆ ಕೈ ಚಾಚಿ ಚಾಚಿ, ಜನ ಕಂಡ ಕೂಡಲೇ ಬೇಲಿ ಹತ್ತಿರ ಬಂದು ಸೊಂಡಿಲು ಆಡಿಸೋ ಆನೆಯೂ ಕೊನೆಗೆ ತನ್ನ ಜೊತೆ ಆನೆಗಳನ್ನ ಬಿಟ್ಟು ನಮ್ಮನ್ನೇ ಕಾಯ್ತಾ ನಿಲ್ಲುತ್ತೆ.

ಬಿಸಿಲು ಏರಿದ ಮೇಲೆ ಆನೆಗಳು ನೆರಳು ಹುಡುಕಿ ನಿಲ್ಲೋದೇ ಜಾಸ್ತಿ. ಆಟ ನೋಡಬೇಕು ಅನ್ನೋರು ಬೆಳಿಗ್ಗೆ ಬಾಗಿಲು ತೆಗೆದ ಹೊತ್ತಿಗೋ ಸಂಜೆ ನಾಲ್ಕರ ಮೇಲೋ ಹೋಗೋದು ಒಳ್ಳೇದು. ಮೈಸೂರು ಝೂ ಬೆಳಿಗ್ಗೆ 8.30ರಿಂದ ಸಂಜೆ 5.30ರ ತನಕ ತೆರೆದಿರುತ್ತೆ. ಮಂಗಳವಾರ ವಾರದ ರಜೆ.